ಸೇನಾ ಜಮೀನಿನ ಚಾರಣದ ಹಾದಿಯಲ್ಲಿ ಜಿಯೋಕ್ಯಾಶಿಂಗ್: ಬಾಣ ಕರೆದಲ್ಲೆಲ್ಲ ಹೋಗಬೇಡಿ

ಯಾರೋ ಬಚ್ಚಿಟ್ಟು, ಅಂತರ್ಜಾಲದಲ್ಲಿ ಜಾಗದ ಅಕ್ಷಾಂಶ ರೇಖಾಂಶ ಪ್ರಕಟಿಸಿದ ಡಬ್ಬಿಯನ್ನು (ಅದಕ್ಕೆ ಕ್ಯಾಶ್ ಎನ್ನುತ್ತಾರೆ) ಜಿಪಿಎಸ್ ಹಿಡಿದು ಹುಡುಕುವ ಆಟವೇ ಜಿಯೋಕ್ಯಾಶಿಂಗ್. ಅದರಲ್ಲಿ ಪಳಗಿದವರ ಕೈಗೆ ಮೂರು ಅಭ್ಯಾಸಗಳು ತಾವಾಗಿಯೇ ಹತ್ತಿಬಿಡುತ್ತವೆ. ಜಿಪಿಎಸ್ ಬಾಣ ತೋರಿಸಿದತ್ತ ದಾರಿ ಬಿಟ್ಟು ನುಗ್ಗುವುದು, ಅನುಮಾನ ಬಂದಲ್ಲಿ ಕೋಲಿನಿಂದ ಕೆದಕುವುದು, ಪೊದೆಯೊಳಗೆ ತುಕ್ಕು ಹಿಡಿದ ಡಬ್ಬಿಯಂಥದ್ದು ಕಂಡರೆ ಎತ್ತಿ ನೋಡುವುದು. ಬೇರೆ ಕಡೆ ಇವು ಚುರುಕಾದ ಹುಡುಕಾಟದ ಲಕ್ಷಣ. ಸೇನೆಯ ತರಬೇತಿ ಜಮೀನಿನಲ್ಲಿ ಮಾತ್ರ ಮೂರೂ ಜೀವಕ್ಕೆ ಎರವಾಗಬಲ್ಲವು. ಅಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಹಾದಿ ನಿರ್ಧರಿಸಬೇಕು, ಬಾಣವಲ್ಲ. ಈ ಬರಹದ ಉಳಿದ ಸೂಚನೆಗಳೆಲ್ಲ ಈ ಒಂದು ನಿಯಮದಿಂದಲೇ ಹುಟ್ಟಿದವು.

ಸೇನಾ ಜಮೀನಿನ ಮೇಲೆ ಸಾರ್ವಜನಿಕರು ನಡೆಯಬಹುದಾದ ಹಾದಿಗಳು ಹಲವು ದೇಶಗಳಲ್ಲಿವೆ. ಇಂಗ್ಲೆಂಡಿನ ಡಾರ್ಟ್‌ಮೂರ್‌ನಲ್ಲಿ ಓಕ್‌ಹ್ಯಾಂಪ್ಟನ್, ಮೆರಿವೇಲ್, ವಿಲ್ಸ್‌ವರ್ದಿ ಎಂಬ ಫೈರಿಂಗ್ ರೇಂಜುಗಳ (ಸೇನೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಬಯಲುಗಳ) ಮೇಲೆಯೇ ಚಾರಣಿಗರು ಓಡಾಡುತ್ತಾರೆ. ಲಲ್ವರ್ತ್‌ನಲ್ಲಿ ಸಮುದ್ರದಂಚಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಟ್ಯಾಂಕುಗಳು ಗುರಿಯಿಡುವ ರೇಂಜಿನ ನಡುವೆ ಹಾದುಹೋಗುತ್ತದೆ. ಸಾಲ್ಸ್‌ಬರಿ ಬಯಲಿನ ಇಂಬರ್ ರೇಂಜಿನ ಸುತ್ತ ಸುಮಾರು 48 ಕಿ.ಮೀ. ಉದ್ದದ ಹಾದಿಯಿದೆ. ಅಮೆರಿಕದ ಫ್ಲೋರಿಡಾ ಟ್ರೇಲ್ ಎಗ್ಲಿನ್ ವಾಯುನೆಲೆಯ ಕಾಡನ್ನೂ ಏವನ್ ಪಾರ್ಕ್ ವಾಯುಪಡೆ ರೇಂಜನ್ನೂ ದಾಟಿ ಸಾಗುತ್ತದೆ. ನಿಯಮದ ವಿವರ ಜಾಗದಿಂದ ಜಾಗಕ್ಕೆ ಬೇರೆ, ಅಪಾಯದ ಸ್ವರೂಪ ಎಲ್ಲ ಕಡೆ ಒಂದೇ.

ಈ ಆಟಕ್ಕೂ ಸೇನೆಗೂ ನಂಟು ಮೊದಲಿನಿಂದ ಇದ್ದದ್ದೇ. ಅಮೆರಿಕದ ರಕ್ಷಣಾ ಇಲಾಖೆ ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ರ ಮೇ 2ರಂದು ನಿಲ್ಲಿಸಿತು. ನೂರು ಮೀಟರ್‌ವರೆಗೂ ಇರುತ್ತಿದ್ದ ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿಯಿತು. ಮರುದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಒಂದು ಪ್ಲಾಸ್ಟಿಕ್ ಬಕೆಟನ್ನು ಅರ್ಧ ಹೂತಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಜಿಯೋಕ್ಯಾಶಿಂಗ್ ಶುರುವಾದದ್ದು ಹೀಗೆ. ಇದಕ್ಕೂ ಹಿಂದಿನ, ಸುಳಿವು ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಲೆಟರ್‌ಬಾಕ್ಸಿಂಗ್ ಆಟ ಶುರುವಾದದ್ದು 1854ರಲ್ಲಿ, ಡಾರ್ಟ್‌ಮೂರ್‌ನ ಕ್ರ್ಯಾನ್‌ಮಿಯರ್ ಪೂಲ್‌ನಲ್ಲಿ. ಆ ಜಾಗ ಈಗ ಓಕ್‌ಹ್ಯಾಂಪ್ಟನ್ ರೇಂಜಿನ ಗಡಿಯೊಳಗಿದೆ. ಫೈರಿಂಗ್ ಇರುವ ದಿನ ಅಲ್ಲಿಗೆ ಯಾರೂ ಹೋಗುವಂತಿಲ್ಲ.

ಹೊರಡುವ ಮೊದಲು: ಆ ದಿನ ಹಾದಿ ತೆರೆದಿದೆಯೇ?

ಕ್ಯಾಶ್ ಪುಟ, ಅಂದರೆ ಆ ಕ್ಯಾಶ್‌ನ ವಿವರವಿರುವ ಜಾಲಪುಟ, ಇನ್ನೂ ಚಾಲ್ತಿಯಲ್ಲಿದೆ ಎಂದಮಾತ್ರಕ್ಕೆ ಜಾಗ ತೆರೆದಿದೆ ಎಂದು ತಿಳಿಯಬೇಡಿ. ಕ್ಯಾಶ್ ಇಟ್ಟವರು ಒಪ್ಪಿಗೆ ಪಡೆದು ವರ್ಷಗಳೇ ಕಳೆದಿರಬಹುದು, ನಡುವೆ ರೇಂಜಿನ ಗಡಿಯೇ ಬದಲಾಗಿರಬಹುದು. ಆದ್ದರಿಂದ ಆಯಾ ನೆಲೆಯವರು ಪ್ರಕಟಿಸುವ ಫೈರಿಂಗ್ ವೇಳಾಪಟ್ಟಿಯನ್ನು ನೀವೇ ನೋಡಿ. ಹಿಂದಿನ ದಿನ ಸಂಜೆ ಒಮ್ಮೆ, ಹೊರಡುವ ಬೆಳಿಗ್ಗೆ ಮತ್ತೊಮ್ಮೆ. ಕೊನೆಯ ಗಳಿಗೆಯಲ್ಲಿ ವೇಳಾಪಟ್ಟಿ ಬದಲಾಗುವುದು ಅಪರೂಪವೇನಲ್ಲ. ರೇಂಜಿಗೆ ಹೆಸರು ಅಥವಾ ಸಂಖ್ಯೆ ಹಚ್ಚಿದ ಹಲವು ವಿಭಾಗಗಳಿದ್ದರೆ ನಿಮ್ಮ ಹಾದಿ ಯಾವ ಯಾವ ವಿಭಾಗಗಳನ್ನು ದಾಟುತ್ತದೆ ಎಂದು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಿ. ನಡೆಯಲು ಶುರುಮಾಡುವ ವಿಭಾಗ ತೆರೆದಿದ್ದು ಮೂರು ಕಿ.ಮೀ. ಮುಂದಿನದು ಮುಚ್ಚಿರುವುದು ಸಾಮಾನ್ಯ.

ಕೆಲವು ನೆಲೆಗಳಲ್ಲಿ ಪರ್ಮಿಟ್ ಬೇಕು. ಅಮೆರಿಕದ ಹಲವು ನೆಲೆಗಳಲ್ಲಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಸುರಕ್ಷತೆಯ ಸೂಚನೆ ಓದಿ, ಪ್ರತಿ ಭೇಟಿಗೂ ಒಳಹೋದದ್ದು ಹೊರಬಂದದ್ದು ಎರಡನ್ನೂ ದಾಖಲಿಸಬೇಕಾಗುತ್ತದೆ. ಹೊರಬಂದದ್ದನ್ನು ದಾಖಲಿಸಲು ಮರೆತರೆ ನೀವಿನ್ನೂ ಒಳಗೇ ಇದ್ದೀರಿ ಎಂದು ಹುಡುಕಾಟ ಶುರುವಾಗಬಹುದು, ಆ ವಿಭಾಗದ ಫೈರಿಂಗ್ ತಡವಾಗಬಹುದು, ಮುಂದಿನ ಸಲ ನಿಮಗೆ ಪರ್ಮಿಟ್ ಸಿಗದೆಯೂ ಹೋಗಬಹುದು. ಅಲ್ಲಿನ ಅನೇಕ ನೆಲೆಗಳಲ್ಲಿ ಬೇಟೆಗೂ ಅವಕಾಶವಿದೆ. ಬೇಟೆಯ ಋತುವಾಗಿದ್ದರೆ ಎದ್ದು ಕಾಣುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳದೆ ಹೋಗಬೇಡಿ.

ರೇಂಜ್ ನಿಯಂತ್ರಣ ಕಚೇರಿಯ ಫೋನ್ ನಂಬರನ್ನು ಫೋನಿನಲ್ಲೂ ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ. ಮನೆಯವರಿಗೋ ಗೆಳೆಯರಿಗೋ ಯಾವ ಹಾದಿ, ಯಾವ ಕ್ಯಾಶ್‌ಗಳು, ಎಷ್ಟು ಹೊತ್ತಿನೊಳಗೆ ವಾಪಸು ಎಂದು ತಿಳಿಸಿ, ಆ ಹೊತ್ತು ಮೀರಿದರೆ ಇದೇ ನಂಬರಿಗೆ ಕರೆ ಮಾಡಲು ಹೇಳಿಡಿ.

ಕ್ಯಾಶ್‌ ಎಲ್ಲಿದೆ ಎಂದು ಮನೆಯಲ್ಲೇ ಅಳೆದುಬಿಡಿ

ಬೇರೆ ಕಡೆ ಕ್ಯಾಶ್ ಸುಳಿವನ್ನು ಕೊನೆಯ ಗಳಿಗೆಯವರೆಗೆ ಬಿಡಿಸಿ ನೋಡದಿರುವುದು ಆಟದ ಮಜಾ. ಇಲ್ಲಿ ಸುಳಿವು, ಹಿಂದೆ ಹುಡುಕಿದವರು ಪುಟದಲ್ಲಿ ಬರೆದ ಟಿಪ್ಪಣಿಗಳು (ಲಾಗ್‌ಗಳು), ಹಾಕಿರುವ ಫೋಟೊಗಳು ಎಲ್ಲವನ್ನೂ ಹೊರಡುವ ಮೊದಲೇ ಓದಿ. ಸೇನಾ ಜಮೀನಿನಲ್ಲಿ ಅಲೆದಾಡುವ ಹೊತ್ತು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಕೊನೆಯ ಮೂರು ಲಾಗ್‌ಗಳೂ 'ಸಿಗಲಿಲ್ಲ' ಎಂದಿದ್ದರೆ ಆ ಕ್ಯಾಶನ್ನು ಪಟ್ಟಿಯಿಂದ ತೆಗೆದುಹಾಕಿ. ಇಲ್ಲದ ಡಬ್ಬಿಯನ್ನು ಹುಡುಕುವವರೇ ಹುಡುಕುವ ವ್ಯಾಪ್ತಿಯನ್ನು ಹಿಗ್ಗಿಸುತ್ತ ಹಾದಿಯಿಂದ ದೂರ ಸರಿಯುವುದು.

ಮುಂದಿನ ಕೆಲಸ, ಕ್ಯಾಶ್‌ನ ಬಿಂದುವನ್ನು ಹಾದಿ ಸ್ಪಷ್ಟವಾಗಿ ಕಾಣುವ ನಕ್ಷೆಯ ಮೇಲೆ ಇಟ್ಟು, ಹಾದಿಯಿಂದ ಅದಕ್ಕಿರುವ ಅತಿ ಕಡಿಮೆ ದೂರವನ್ನು ಅಳೆಯುವುದು. ತೆರೆದ ಆಕಾಶದಡಿ ಸಾಮಾನ್ಯ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಕ್ಯಾಶ್ ಇಟ್ಟವರ ಸಾಧನದಲ್ಲಿ 5 ಮೀಟರ್ ತಪ್ಪು, ನಿಮ್ಮದರಲ್ಲಿ 5 ಮೀಟರ್. ಎರಡೂ ಸೇರಿದರೆ 10 ಆಗುವುದಿಲ್ಲ, ಎರಡರ ವರ್ಗಗಳ ಮೊತ್ತದ ವರ್ಗಮೂಲವಾಗಿ ಸುಮಾರು 7 ಮೀಟರ್ ಬರುತ್ತದೆ. ದಟ್ಟ ಮರಗಳ ಕೆಳಗೆ ಇಬ್ಬರದೂ 10 ಮೀಟರ್ ಎಂದರೆ 14. ಹಾಗಾಗಿ ನಕ್ಷೆಯಲ್ಲಿ ಕ್ಯಾಶ್ 10 ಮೀಟರ್ ಒಳಗಿದ್ದರೆ ಅದು ಹಾದಿಯ ಅಂಚಿನಲ್ಲೇ ಇರುವ ಸಾಧ್ಯತೆ ಹೆಚ್ಚು. 20 ಮೀಟರ್ ಮೀರಿದ್ದು, ಅಲ್ಲಿಗೆ ನಕ್ಷೆಯಲ್ಲಿ ಗುರುತಾದ ಅಧಿಕೃತ ಕವಲುದಾರಿ ಇಲ್ಲದಿದ್ದರೆ ಆ ಕ್ಯಾಶ್ ಬೇಡ. ಹಿಂದಿನವರು ತುಳಿದು ಮಾಡಿದ ಕಾಲುದಾರಿ ಅಧಿಕೃತ ಹಾದಿಯಲ್ಲ. ಅಲ್ಲಿ ಹತ್ತು ಜನ ನಡೆದು ಏನೂ ಆಗಲಿಲ್ಲ ಎಂದರೆ ಹನ್ನೊಂದನೆಯವರಿಗೆ ಏನೂ ಆಗದು ಎಂದಲ್ಲ.

ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಬರೆದುಕೊಳ್ಳುವಾಗ ಆಗುವ ತಪ್ಪು ಇಲ್ಲಿ ದುಬಾರಿ. ಕ್ಯಾಶ್ ಪುಟಗಳಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಕೊಡುತ್ತಾರೆ. ಉದಾಹರಣೆಗೆ ಉತ್ತರ 50° 40.500'. ಇದನ್ನು ಬರೀ ದಶಮಾಂಶ ಡಿಗ್ರಿಯಲ್ಲಿ 50.67500° ಎಂದು ಬರೆಯಬೇಕು. ಅವಸರದಲ್ಲಿ 50.40500° ಎಂದು ಒತ್ತಿದರೆ ಬಿಂದು 30 ಕಿ.ಮೀ. ಆಚೆ ಬೀಳುತ್ತದೆ. ಅದು ನಕ್ಷೆಯಲ್ಲಿ ಕಣ್ಣಿಗೆ ರಾಚುವುದರಿಂದ ಅಪಾಯವಿಲ್ಲ. ಅಪಾಯವಿರುವುದು ಸಣ್ಣ ತಪ್ಪಿನಲ್ಲಿ. ಅದೇ ಅಂಕಿಯನ್ನು ನಿಮಿಷ ಸೆಕೆಂಡು ಎಂದು ತಿಳಿದು 50° 40' 50" ಎಂದು ಹಾಕಿದಿರಿ ಎನ್ನಿ. ಅರ್ಧ ನಿಮಿಷವೆಂದರೆ 30 ಸೆಕೆಂಡು, ನೀವು ಹಾಕಿದ್ದು 50. ಅಕ್ಷಾಂಶದಲ್ಲಿ ಒಂದು ಸೆಕೆಂಡು ಸುಮಾರು 31 ಮೀಟರ್, ಅಂದರೆ ಬಿಂದು 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಸರಿಯಿತು. ನಕ್ಷೆಯಲ್ಲಿ ಅದು ಅದೇ ಬೆಟ್ಟದ ಮೇಲೆ, ನಂಬುವಂಥ ಜಾಗದಲ್ಲೇ ಕಾಣುತ್ತದೆ. ಆ ಜಾಗ ಗುಂಡುಗಳು ಬೀಳುವ ಪ್ರದೇಶವೂ ಆಗಿರಬಹುದು. ಕೈಯಿಂದ ಒತ್ತುವ ಬದಲು ಕ್ಯಾಶ್ ಪುಟದ ಫೈಲನ್ನೇ ಸಾಧನಕ್ಕೆ ಇಳಿಸಿಕೊಳ್ಳುವುದು ಕ್ಷೇಮ. ಕ್ಯಾಶ್ ಪುಟದ ಅಂಕಿಗಳೆಲ್ಲ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ನಕ್ಷಾ ಆಧಾರದ ಮೇಲೆ ಇರುತ್ತವೆ, ಸಾಧನದ ಸೆಟ್ಟಿಂಗ್ ಕೂಡ ಅದೇ ಇರಲಿ. ಬ್ರಿಟನ್ನಿನ ಹಳೆಯ ನಕ್ಷಾ ಆಧಾರದಲ್ಲಿ ಬಿಟ್ಟಿದ್ದರೆ ಅಲ್ಲಿ ಸುಮಾರು ನೂರು ಮೀಟರ್ ವ್ಯತ್ಯಾಸ ಬರುತ್ತದೆ.

ಒಗಟಿನ ಕ್ಯಾಶ್‌ಗಳ ಬಗ್ಗೆ ಬೇರೆಯಾಗಿಯೇ ಎಚ್ಚರ ಬೇಕು. ಅವುಗಳ ಪುಟದಲ್ಲಿ ಕಾಣುವ ಬಿಂದು ನಿಜವಾದದ್ದಲ್ಲ, ಡಬ್ಬಿ ಅಲ್ಲಿಂದ ಸಾಮಾನ್ಯವಾಗಿ 3 ಕಿ.ಮೀ. ಆಸುಪಾಸಿನಲ್ಲಿ ಎಲ್ಲೋ ಇರುತ್ತದೆ. ಒಗಟು ಬಿಡಿಸದೆ ಆ ಹುಸಿ ಬಿಂದುವಿನತ್ತ ನಡೆದರೆ ನಿಷೇಧಿತ ವಲಯಕ್ಕೆ ಹೋಗಿ ಸೇರಬಹುದು. ಹಂತ ಹಂತವಾಗಿ ಲೆಕ್ಕ ಹಾಕುತ್ತ ಸಾಗುವ ಮಲ್ಟಿ ಕ್ಯಾಶ್‌ಗಳಲ್ಲೂ ಒಂದಂಕಿ ತಪ್ಪಿದರೆ ಹೀಗೇ. ಪ್ರತಿ ಹಂತದ ಉತ್ತರವನ್ನೂ ನಕ್ಷೆಯ ಮೇಲಿಟ್ಟು ಹಾದಿಯ ಪಕ್ಕ ಬಿತ್ತೇ ಎಂದು ನೋಡಿ, ಬೀಳದಿದ್ದರೆ ಲೆಕ್ಕವನ್ನೇ ಅನುಮಾನಿಸಿ.

ಚೀಲದಲ್ಲಿ ಏನಿರಲಿ, ಏನು ಬೇಡ

ನಿಮ್ಮ ಸಾಮಾನು ನೋಡಿದವರಿಗೆ ನೀವು ಚಾರಣಿಗರೆಂದೇ ತೋರಬೇಕು. ಗಾಢ ಬಣ್ಣದ ಮೇಲಂಗಿ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ನಕ್ಷೆ, ಕಾಗದದ ನಕ್ಷೆ, 10,000 ಎಂಎಎಚ್‌ನ ಪವರ್ ಬ್ಯಾಂಕ್, ಸೀಟಿ, ಟಾರ್ಚ್, ಪೆನ್ನು, ಪರ್ಮಿಟ್ಟಿನ ಮುದ್ರಿತ ಪ್ರತಿ, ಪ್ರಥಮ ಚಿಕಿತ್ಸೆಯ ಸಾಮಾನು, ಉಣ್ಣೆ ಹುಳ ತೆಗೆಯಲು ಚಿಮಟಿಗೆ. ಇದರ ಜೊತೆ ಅಂಗೈಯಗಲದ ಒಂದು ಕನ್ನಡಿ ಇದ್ದರೆ ಬಲು ಉಪಯೋಗ. ಕಲ್ಲಿನ ಸಂದಿ, ಬೇಲಿ ಕಂಬದ ಹಿಂಬದಿ, ಹಲಗೆಯ ಅಡಿಭಾಗವನ್ನು ಕೈ ಹಾಕದೆ, ಏನನ್ನೂ ಅಲುಗಿಸದೆ ಕನ್ನಡಿ ಮತ್ತು ಟಾರ್ಚಿನಿಂದ ನೋಡಿಬಿಡಬಹುದು.

ಸಲಿಕೆ, ಕುರ್ಪಿ, ಲೋಹಶೋಧಕ, ಉದ್ದ ಹಿಡಿಯ ಆಯಸ್ಕಾಂತ, ಡ್ರೋನ್ ಇವನ್ನು ಮನೆಯಲ್ಲೇ ಬಿಡಿ. ಸೈನಿಕರ ಉಡುಪನ್ನು ಹೋಲುವ ಹಸಿರು-ಕಂದು ಮಚ್ಚೆಯ ಬಟ್ಟೆ ಬೇಡವೇ ಬೇಡ. ದೂರದಿಂದ ನೋಡುವವರಿಗೆ ನೀವು ಕಾಣಿಸಬೇಕು, ಕಂಡಾಗ ನಾಗರಿಕರೆಂದು ಗೊತ್ತಾಗಬೇಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಯ್ಯುವುದಾದರೆ ಆ ದೇಶದಲ್ಲಿ ಅದಕ್ಕೆ ಪರವಾನಗಿ ಬೇಕೇ ಎಂದು ಮೊದಲು ವಿಚಾರಿಸಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ನಡೆದ ಜಾಡನ್ನು ತಾನಾಗಿ ಪ್ರಕಟಿಸುವ ವ್ಯಾಯಾಮದ ಆ್ಯಪ್‌ಗಳನ್ನು ಆಫ್ ಮಾಡಿ. ಬಳಕೆದಾರರ ಓಡಾಟವನ್ನೆಲ್ಲ ಒಟ್ಟುಗೂಡಿಸಿ ಸ್ಟ್ರಾವಾ ಎಂಬ ಅಂಥ ಒಂದು ಆ್ಯಪ್ ಪ್ರಕಟಿಸಿದ್ದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳು ಎದ್ದು ಕಾಣುತ್ತಿವೆ ಎಂಬುದು 2018ರ ಜನವರಿಯಲ್ಲಿ ಬೆಳಕಿಗೆ ಬಂದ ಮೇಲೆ ಹಲವು ನೆಲೆಗಳು ಈ ವಿಷಯದಲ್ಲಿ ಸೂಕ್ಷ್ಮವಾಗಿವೆ.

ಹಾದಿಯ ಮೇಲೆ

ಗೇಟಿನ ಬಳಿ ನಿಂತು ಸೂಚನಾ ಫಲಕವನ್ನು ಪೂರ್ತಿ ಓದಿ, ಅದರ ಫೋಟೊ ತೆಗೆಯಬಹುದೇ ಎಂದು ಕೂಡ ಅದರಲ್ಲೇ ನೋಡಿಕೊಳ್ಳಿ. ಬ್ರಿಟನ್ನಿನ ರೇಂಜುಗಳಲ್ಲಿ ಫೈರಿಂಗ್ ಇದ್ದರೆ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ. ಬಾವುಟ ಹಾರುತ್ತಿದ್ದರೆ ವೇಳಾಪಟ್ಟಿ ಏನೇ ಹೇಳಲಿ, ಒಳಗೆ ಹೋಗಬೇಡಿ. ಡಾರ್ಟ್‌ಮೂರ್‌ನಲ್ಲಿ ರೇಂಜಿನ ಗಡಿಯನ್ನು ಕೆಂಪು-ಬಿಳಿ ಕಂಬಗಳು ತೋರಿಸುತ್ತವೆ. ಲಲ್ವರ್ತ್‌ನಲ್ಲಿ ನಡೆಯಬಹುದಾದ ಪಟ್ಟಿಯನ್ನು ಹಳದಿ ಗುರುತಿನ ಕಂಬಗಳು ತೋರಿಸುತ್ತವೆ, ಅವುಗಳ ಆಚೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಇಲ್ಲಿ ಬಹಳ ಜನ ಎಡವುವುದು ಒಂದು ತಪ್ಪು ತಿಳಿವಳಿಕೆಯಲ್ಲಿ. ಬಾವುಟ ಇಳಿದಿದೆ ಎಂದರೆ ಇವತ್ತು ಗುಂಡು ಹಾರಿಸುತ್ತಿಲ್ಲ ಎಂದಷ್ಟೇ ಅರ್ಥ. ನಿನ್ನೆ ಹಾರಿಸಿದ್ದೋ ಎಪ್ಪತ್ತು ವರ್ಷದ ಹಿಂದೆ ಹಾರಿಸಿದ್ದೋ ಸಿಡಿಯದೆ ಅಲ್ಲೇ ಬಿದ್ದಿದ್ದರೆ ಬಾವುಟ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಕ್ಯಾಶ್ ಹತ್ತಿರವಾದಾಗ ಬಾಣವನ್ನು ನೋಡುತ್ತ ತಿರುಗಬೇಡಿ, ದೂರದ ಅಂಕಿಯನ್ನು ನೋಡಿ. ಹಾದಿಯ ಮೇಲೆಯೇ ನಡೆಯುತ್ತ ಹೋದಂತೆ ದೂರ ಇಳಿಯುತ್ತ ಬರುತ್ತದೆ. 40, 25, 14, 8, ಆಮೇಲೆ ಮತ್ತೆ 11, 16 ಎಂದು ಏರತೊಡಗುತ್ತದೆ. ಏರಲು ಶುರುವಾದ ಮೇಲೂ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ಹಿಂತಿರುಗಿ ಅದೇ ಹಾದಿಯಲ್ಲಿ ವಾಪಸು ಬನ್ನಿ. ಎರಡು ದಿಕ್ಕಿನಿಂದ ಬಂದಾಗಲೂ ಅತಿ ಕಡಿಮೆ ಅಂಕಿ ತೋರಿದ ಎರಡು ಜಾಗಗಳ ನಡುವೆ ನಿಲ್ಲಿ. ಹಾದಿಯಲ್ಲಿ ಕ್ಯಾಶ್‌ಗೆ ಅತಿ ಹತ್ತಿರದ ಜಾಗ ಅದೇ. ಬಾಣವನ್ನು ನಂಬದಿರುವುದಕ್ಕೆ ಕಾರಣವಿದೆ. ದಿಕ್ಸೂಚಿ ಇಲ್ಲದ ಸಾಧನಗಳು ನೀವು ಚಲಿಸುವುದರಿಂದಷ್ಟೇ ದಿಕ್ಕನ್ನು ಲೆಕ್ಕ ಹಾಕುತ್ತವೆ, ನಿಂತಲ್ಲಿ ಬಾಣ ದಿಕ್ಕೆಟ್ಟು ತಿರುಗುತ್ತದೆ. ದಿಕ್ಸೂಚಿ ಇರುವ ಫೋನುಗಳನ್ನೂ ಹತ್ತಿರದ ಕಬ್ಬಿಣ ದಾರಿ ತಪ್ಪಿಸುತ್ತದೆ, ಸೇನಾ ಜಮೀನಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ.

ಆ ಜಾಗದಲ್ಲಿ ಹಾದಿಯ ಮೇಲೆ ನಿಂತೇ ಕಣ್ಣಿನಿಂದ ಹುಡುಕಿ. ಗೇಟಿನ ಕಂಬ, ದಾರಿಗುರುತಿನ ಕಂಬ, ಕಾಲುಸೇತುವೆಯ ಕೆಳಗಿನ ತೊಲೆ, ಬೆಂಚು, ಕಲ್ಲುಗೋಡೆಯ ತುದಿ, ಅಂಚಿನಲ್ಲಿರುವ ಮರದ ಕವಲು. ಕೈಯಳತೆಯಲ್ಲಿ ಇರುವುದನ್ನು ಮಾತ್ರ, ಅದೂ ಡಬ್ಬಿ ಸ್ಪಷ್ಟವಾಗಿ ಕಂಡ ಮೇಲಷ್ಟೇ ಮುಟ್ಟಿ. ಪಾರದರ್ಶಕ ಅಥವಾ ಬಣ್ಣದ ಪ್ಲಾಸ್ಟಿಕ್ ಡಬ್ಬಿ, ಮೇಲೆ ಜಿಯೋಕ್ಯಾಶ್ ಎಂಬ ಬರಹ, ಆ ಕ್ಯಾಶ್‌ನದೇ ಆದ, ಜಿಸಿ (GC) ಅಕ್ಷರಗಳಿಂದ ಶುರುವಾಗುವ ಕೋಡ್, ಇವು ಕಾಣುತ್ತಿವೆಯೇ ನೋಡಿ. ಕಾಣದ ವಸ್ತುವನ್ನು ಇದೇ ಇರಬಹುದು ಎಂದು ಎತ್ತಬೇಡಿ. ನೆಲಕ್ಕೆ ಕೋಲು ಚುಚ್ಚಬೇಡಿ, ಎಲೆಯ ರಾಶಿಯನ್ನು ಬೂಟಿನಿಂದ ಒದೆಯಬೇಡಿ, ಕಲ್ಲು ಮಗುಚಬೇಡಿ. ಹದಿನೈದು ನಿಮಿಷದಲ್ಲಿ ಸಿಗದಿದ್ದರೆ 'ಸಿಗಲಿಲ್ಲ' ಎಂದು ಲಾಗ್ ಮಾಡಿ ಮುಂದೆ ಹೋಗಿ. ಇಂಥ ಜಾಗದಲ್ಲಿ ಆ ಲಾಗ್ ಒಂದು ಒಳ್ಳೆಯ ಕೆಲಸ, ಮುಂದೆ ಬರುವವರನ್ನು ಅದು ಕಾಯುತ್ತದೆ.

ಅಂಕಿಗಳು ಇದ್ದಕ್ಕಿದ್ದಂತೆ ನೂರಾರು ಮೀಟರ್ ಜಿಗಿಯುತ್ತಿದ್ದರೆ, ಅಥವಾ ಉಪಗ್ರಹಗಳೇ ಸಿಗದಿದ್ದರೆ, ಸಾಧನ ಕೆಟ್ಟಿದೆ ಎಂದುಕೊಳ್ಳಬೇಡಿ. ಸೇನೆಗಳು ಅಭ್ಯಾಸಕ್ಕಾಗಿ ಜಿಪಿಎಸ್ ಸಂಕೇತವನ್ನು ತಡೆಹಿಡಿಯುವುದುಂಟು. ಬ್ರಿಟನ್ನಿನಲ್ಲಿ ಇಂಥ ಅಭ್ಯಾಸಗಳ ಸೂಚನೆಯನ್ನು ಸಂವಹನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಮೊದಲೇ ಪ್ರಕಟಿಸುತ್ತದೆ. ಆಗ ಹುಡುಕಾಟ ಕೈಬಿಟ್ಟು ಕಾಗದದ ನಕ್ಷೆ ಹಿಡಿದು ಹಾದಿಯಲ್ಲೇ ಹೊರಗೆ ಬನ್ನಿ.

ಗುಂಡಿನ ಸದ್ದು ಕೇಳಿದರೆ ಮೊದಲು ನಿಂತು ದಿಕ್ಕು ಅಂದಾಜು ಮಾಡಿ. ದೂರದಿಂದ ಬರುವ ಧಡ್ ಧಡ್ ಸದ್ದು ಪಕ್ಕದ ವಿಭಾಗದ್ದಿರಬಹುದು, ಬಂದ ಹಾದಿಯಲ್ಲೇ ಶಾಂತವಾಗಿ ಹಿಂದಿರುಗಿ. ತಲೆಯ ಮೇಲೋ ಪಕ್ಕದಲ್ಲೋ ಗಾಳಿ ಸೀಳಿದಂತೆ ಚಟ್ ಎಂದು ಕೇಳಿ, ಅದರ ಬೆನ್ನಿಗೇ ದೂರದ ಧಡ್ ಕೇಳಿದರೆ ಗುಂಡು ನಿಮ್ಮ ಬಳಿ ಹಾದುಹೋಗುತ್ತಿದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ತಾನೇ ಚಟ್ ಸದ್ದು ಮಾಡುತ್ತದೆ, ಬಂದೂಕಿನ ಸದ್ದು ಆಮೇಲೆ ತಲುಪುತ್ತದೆ. ತಕ್ಷಣ ಹಾದಿಯಂಚಿನ ಗಟ್ಟಿ ಮರೆಗೆ ತಗ್ಗಿ ಮಲಗಿ, ರೇಂಜ್ ನಿಯಂತ್ರಣಕ್ಕೆ ಕರೆ ಮಾಡಿ. ಫೋನ್ ಸಿಗದಿದ್ದರೆ ಸೀಟಿಯಿಂದ ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಬೆಟ್ಟಗಳಲ್ಲಿ ಅಪಾಯ ಸೂಚಿಸುವ ಅಂತರರಾಷ್ಟ್ರೀಯ ಸಂಕೇತ ಇದು.

ಸಿಡಿಯದೆ ಉಳಿದ ಮದ್ದುಗುಂಡು

ಹಾರಿಸಿದ್ದೆಲ್ಲ ಸಿಡಿಯುವುದಿಲ್ಲ. ಮೆತ್ತನೆಯ ಕೆಸರಿಗೆ ಬಿದ್ದ ಮಾರ್ಟರ್ ಶೆಲ್, ಫ್ಯೂಜ್ (ಸಿಡಿಸುವ ಭಾಗ) ಕೈಕೊಟ್ಟ ಗ್ರೆನೇಡ್ ಹಾಗೇ ಹೂತು ಉಳಿಯುತ್ತವೆ. ಮಳೆ ಮಣ್ಣನ್ನು ಕೊಚ್ಚಿದಾಗ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿ ಇಳಿದಾಗ, ಕಾಳ್ಗಿಚ್ಚು ಹುಲ್ಲನ್ನು ಸುಟ್ಟಾಗ ಮೇಲೆ ಬರುತ್ತವೆ. ಆದ್ದರಿಂದ ಹೋದ ವರ್ಷ ಇಲ್ಲದ್ದು ಈ ವರ್ಷ ಹಾದಿಯ ಪಕ್ಕದಲ್ಲೇ ಕಾಣಬಹುದು. ವಯಸ್ಸಾದಷ್ಟೂ ಅದು ಸುರಕ್ಷಿತವಾಗುತ್ತದೆ ಎಂಬುದು ಸುಳ್ಳು. ಒಳಗಿನ ಭಾಗಗಳು ತುಕ್ಕು ಹಿಡಿದು ಇನ್ನಷ್ಟು ಅಸ್ಥಿರವಾಗಬಹುದು.

ಅದು ಸಿನಿಮಾದ ಬಾಂಬಿನಂತೆ ಕಾಣಬೇಕಿಲ್ಲ. ತುಕ್ಕು ಹಿಡಿದ ಪೈಪಿನ ತುಂಡು, ಜಜ್ಜಿದ ಪಾನೀಯದ ಕ್ಯಾನು, ಬಾಲಕ್ಕೆ ರೆಕ್ಕೆಯಿರುವ ಲೋಹದ ತುಣುಕು, ಮುಷ್ಟಿ ಗಾತ್ರದ ಉರುಟು ವಸ್ತು, ನೆಲದಲ್ಲಿ ಹರಿದ ತೆಳ್ಳನೆಯ ತಂತಿ. 40 ಮಿ.ಮೀ. ಗ್ರೆನೇಡಿನ ತಲೆ ದೊಡ್ಡ ಲೋಹದ ಮೊಟ್ಟೆಯಂತಿರುತ್ತದೆ. ಸಣ್ಣ ಕ್ಯಾಶ್ ಡಬ್ಬಿಗಳನ್ನು ಹುಡುಕಿ ಪಳಗಿದ ಕಣ್ಣು ನಿಲ್ಲುವುದು ಇಂಥವುಗಳ ಮೇಲೆಯೇ. ಬಣ್ಣ ನೋಡಿ ತೀರ್ಮಾನಿಸುವುದು ಕೂಡದು. ಹಲವು ಸೇನೆಗಳಲ್ಲಿ ನೀಲಿ ಬಣ್ಣ ಅಭ್ಯಾಸದ ಗುಂಡಿಗೆ, ಹಳದಿ ಪಟ್ಟಿ ತೀವ್ರ ಸ್ಫೋಟಕಕ್ಕೆ ಮೀಸಲು ಎಂಬುದು ನಿಜ. ಆದರೆ ಬಣ್ಣ ಬಿಸಿಲಿಗೆ ಹೋಗುತ್ತದೆ, ತುಕ್ಕು ಎಲ್ಲವನ್ನೂ ಒಂದೇ ಕಂದು ಮಾಡುತ್ತದೆ, ಅಭ್ಯಾಸದ ಗುಂಡಿನಲ್ಲೂ ಬಿದ್ದ ಜಾಗ ತೋರಿಸಲು ಕೈ ಹಾರಿಸುವಷ್ಟು ಮದ್ದು ಇರಬಹುದು. ಹೊಗೆ ಶೆಲ್‌ಗಳಲ್ಲಿನ ಬಿಳಿ ರಂಜಕ ಮಣ್ಣಿನಡಿ ತಣ್ಣಗಿದ್ದು, ಗಾಳಿ ತಾಗಿ ಒಣಗುತ್ತಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಖಾಲಿ ಕಾಡತೂಸನ್ನು ಕೂಡ ನೆನಪಿಗೆಂದು ಜೇಬಿಗೆ ಹಾಕಬೇಡಿ. ಅದರ ನಡುವೆ ಹಾರದೆ ಉಳಿದದ್ದೂ ಬಿದ್ದಿರುತ್ತದೆ, ಅದನ್ನು ಒಯ್ಯುವುದು ಎಷ್ಟೋ ಕಡೆ ಅಪರಾಧ ಕೂಡ.

ಅಂಥದ್ದು ಕಂಡರೆ ಮಾಡಬೇಕಾದ್ದನ್ನು ಅಮೆರಿಕದ ಸೇನೆ ಮೂರು ಮಾತಿನಲ್ಲಿ ಕಲಿಸುತ್ತದೆ: ಗುರುತಿಸಿ, ಹಿಂದೆ ಸರಿಯಿರಿ, ತಿಳಿಸಿ. ಕ್ರಮ ಹೀಗಿರಲಿ.

1. ಅಲ್ಲೇ ನಿಲ್ಲಿ. ಜೊತೆಯವರನ್ನೂ ಮಾತಿನಲ್ಲೇ ನಿಲ್ಲಿಸಿ. ಹತ್ತಿರ ಹೋಗಿ ನೋಡಬೇಡಿ. ಒಂದು ಇದ್ದಲ್ಲಿ ಇನ್ನೊಂದು ಇರುವ ಸಾಧ್ಯತೆ ಇದೆ, ನಿಮ್ಮ ಕಾಲ ಬಳಿ ಕೂಡ.
2. ಅದು ಹೇಗಿದೆ, ಎಷ್ಟು ದೊಡ್ಡದು, ಹಾದಿಯಿಂದ ಯಾವ ಕಡೆ ಎಷ್ಟು ದೂರ ಎಂದು ನೆನಪಿಡಿ. ನಿಂತ ಜಾಗದ ಅಂಕಿಗಳನ್ನು ಜಿಪಿಎಸ್‌ನಲ್ಲಿ ಉಳಿಸಿ. ನಿಂತಲ್ಲಿಂದಲೇ ಜೂಮ್ ಮಾಡಿ ಫೋಟೊ ಸಿಗುವುದಾದರೆ ಸರಿ, ಇಲ್ಲವಾದರೆ ಬಿಡಿ.
3. ಅಲ್ಲಿಂದಲೇ ಫೋನ್ ಕರೆ ಮಾಡಬೇಡಿ, ವಾಕಿಟಾಕಿ ಒತ್ತಬೇಡಿ. ಕೆಲವು ವಿದ್ಯುತ್ ಫ್ಯೂಜ್‌ಗಳಿಗೆ ರೇಡಿಯೊ ತರಂಗ ಅಪಾಯ.
4. ಬಂದ ಹೆಜ್ಜೆಗುರುತಿನಲ್ಲೇ ಹಾದಿಗೆ ವಾಪಸಾಗಿ, ನೂರಾರು ಮೀಟರ್ ದೂರ ಹೋಗಿ. ಎದುರು ಬರುವವರನ್ನು ತಡೆಯಿರಿ.
5. ರೇಂಜ್ ನಿಯಂತ್ರಣಕ್ಕೆ, ಅದು ಸಿಗದಿದ್ದರೆ ತುರ್ತು ಸೇವೆಗೆ ತಿಳಿಸಿ. ಯುರೋಪಿನಲ್ಲಿ 112.

ಮನೆಗೆ ಬಂದ ಮೇಲೆ ಹತ್ತಿರದ ಕ್ಯಾಶ್‌ನ ಮಾಲೀಕರಿಗೂ, ಕ್ಯಾಶ್ ಪುಟಗಳನ್ನು ಪರಿಶೀಲಿಸುವ ಆ ಪ್ರದೇಶದ ರಿವ್ಯೂವರ್‌ಗೂ ಬರೆದು, ನೆಲೆಯವರು ಜಾಗ ತೆರವು ಮಾಡುವವರೆಗೆ ಪುಟವನ್ನು ನಿಲ್ಲಿಸಿಡಲು ಕೇಳಿ. ಲಾಗ್‌ನಲ್ಲಿ ಎಚ್ಚರಿಕೆ ಹಾಕಿ, ಆದರೆ ನಿಖರ ಜಾಗವನ್ನೂ ಫೋಟೊವನ್ನೂ ಹಾಕಬೇಡಿ. ನೋಡಲೆಂದೇ ಹೊರಡುವವರು ಇರುತ್ತಾರೆ.

ಸೈನಿಕರು ಎದುರಾದರೆ

ಹೊರಗಿನವರ ಕಣ್ಣು ತಪ್ಪಿಸಿ ಹುಡುಕುವುದು ಈ ಆಟದ ರೂಢಿ. ಇಲ್ಲಿ ಆ ರೂಢಿಯನ್ನು ಬಿಡಿ. ಬೇಲಿಯ ಹಿಂದೆ ಬಗ್ಗಿ, ಯಾರಾದರೂ ಬಂದರೆ ಫೋನ್ ಅಡಗಿಸಿ, ಬೂಟಿನ ದಾರ ಕಟ್ಟುವಂತೆ ನಟಿಸುವವರು ಕಾವಲುಗಾರರಿಗೆ ಹೇಗೆ ಕಾಣುತ್ತಾರೆಂದು ಯೋಚಿಸಿ. ತಡೆದರೆ ನಿಂತು, ಕೈಗಳು ಕಾಣುವಂತೆ ಇಟ್ಟುಕೊಂಡು, ಏನು ಮಾಡುತ್ತಿದ್ದೀರಿ ಎಂದು ನೇರವಾಗಿ ಹೇಳಿ. ಪರ್ಮಿಟ್ ಮತ್ತು ಕ್ಯಾಶ್ ಪುಟ ತೋರಿಸಿ. ಹೊರಡಿ ಎಂದರೆ ಹೊರಡಿ, ವಾದ ಬೇಡ. ಸೈನಿಕರು, ವಾಹನ, ಗೇಟು, ಉಪಕರಣ ಯಾವುದರ ಫೋಟೊವನ್ನೂ ತೆಗೆಯಬೇಡಿ. ದೊಡ್ಡ ವಾಹನಗಳಿಗೆ ಹಾದಿ ಬಿಟ್ಟುಕೊಡಿ, ಟ್ಯಾಂಕಿನೊಳಗೆ ಕುಳಿತವರಿಗೆ ಪಕ್ಕದಲ್ಲಿರುವುದು ಕಾಣುವುದಿಲ್ಲ. ಕತ್ತಲಲ್ಲಿ ಅವು ದೀಪವಿಲ್ಲದೆಯೂ ಓಡಾಡುತ್ತವೆ. ರಾತ್ರಿ ಹುಡುಕುವ ಕ್ಯಾಶ್‌ಗಳನ್ನು ಸೇನಾ ಜಮೀನಿನಲ್ಲಿ ಮುಟ್ಟಲೇಬಾರದು. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ.

ನೀವೇ ಕ್ಯಾಶ್ ಇಡುವುದಾದರೆ

ಇಡುವವರ ಒಂದು ನಿರ್ಧಾರ ಹುಡುಕುವ ನೂರು ಜನರ ಹೆಜ್ಜೆಗಳನ್ನು ನಿರ್ಧರಿಸುತ್ತದೆ. ಮೊದಲ ಕೆಲಸ ಲಿಖಿತ ಒಪ್ಪಿಗೆ. ಗೇಟಿನಲ್ಲಿದ್ದವರು ತಲೆಯಾಡಿಸಿದ್ದು ಒಪ್ಪಿಗೆಯಲ್ಲ. ನೆಲೆಯ ಕಚೇರಿಗೆ ಬರೆಯುವಾಗ ಹಾದಿಯ ಹೆಸರು, ನಿಖರ ಅಂಕಿಗಳು, ಡಬ್ಬಿಯ ಅಳತೆ ಮತ್ತು ಫೋಟೊ, ಇಡುವ ಜಾಗದ ಫೋಟೊ, ಎಷ್ಟು ತಿಂಗಳಿಗೊಮ್ಮೆ ನೋಡಿ ಬರುತ್ತೀರಿ, ತೆಗೆಯಲು ಹೇಳಿದರೆ ಎಷ್ಟು ದಿನದಲ್ಲಿ ತೆಗೆಯುತ್ತೀರಿ ಎಲ್ಲವೂ ಇರಲಿ. ಒಪ್ಪಿಗೆ ಕೊಟ್ಟವರ ಹುದ್ದೆ ಮತ್ತು ದಿನಾಂಕವನ್ನು ರಿವ್ಯೂವರ್‌ಗೆ ಬರೆಯುವ ಟಿಪ್ಪಣಿಯಲ್ಲಿ ಹಾಕಿ. ಅಧಿಕಾರಿಗಳು ವರ್ಗವಾಗುತ್ತಾರೆ, ಆದ್ದರಿಂದ ವರ್ಷಕ್ಕೊಮ್ಮೆ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಿ.

ಡಬ್ಬಿಯ ವಿಷಯದಲ್ಲಿ ಒಂದು ಮಾತು ಖಂಡಿತ. ಜಿಯೋಕ್ಯಾಶಿಂಗ್‌ನಲ್ಲಿ ಎಲ್ಲರಿಗೂ ಪ್ರಿಯವಾದ ಹಳೆಯ ಮದ್ದುಗುಂಡಿನ ಪೆಟ್ಟಿಗೆ ಇಲ್ಲಿ ಬೇಡ. ನೀರು ಹೋಗದು, ಗಟ್ಟಿ, ನಿಜ. ಆದರೆ ಕಂಡ ಸೈನಿಕರು ಅದನ್ನು ಮದ್ದುಗುಂಡಿನ ಪೆಟ್ಟಿಗೆಯೆಂದೇ ತಿಳಿಯುತ್ತಾರೆ, ಅದಕ್ಕಿಂತ ಕೆಟ್ಟದ್ದೆಂದರೆ ಸೇನಾ ಜಮೀನಿನಲ್ಲಿ ಅಂಥ ಪೆಟ್ಟಿಗೆ ಕಂಡರೆ ತೆರೆಯಬಹುದು ಎಂದು ಹುಡುಕುವವರು ಕಲಿಯುತ್ತಾರೆ. ಪಿವಿಸಿ ಕೊಳವೆ, ಟೇಪು ಸುತ್ತಿದ ಡಬ್ಬಿ, ತಂತಿ ಅಥವಾ ಬ್ಯಾಟರಿ ಇರುವ ಯಾವುದೂ ಬೇಡ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕ್ಯಾಶ್ ಡಬ್ಬಿಯನ್ನು ಬಾಂಬ್ ನಿಷ್ಕ್ರಿಯ ದಳ ಬಂದು ಸ್ಫೋಟಿಸಿತು. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಸುವ, ನಾಲ್ಕೂ ಕಡೆ ಕೊಂಡಿ ಹಾಕುವ ಪಾರದರ್ಶಕ ಊಟದ ಡಬ್ಬಿ ಸಾಕು. ಒಳಗಿನ ಲಾಗ್ ಪುಸ್ತಕ ಹೊರಗಿನಿಂದಲೇ ಕಾಣಲಿ. ಹೊರಗೆ ಅಳಿಸದ ಶಾಯಿಯಲ್ಲಿ ಜಿಯೋಕ್ಯಾಶ್ ಎಂದೂ ಜಿಸಿ ಕೋಡನ್ನೂ, ಒಪ್ಪಿಗೆ ಪಡೆದಿದೆ ಎಂದೂ ಬರೆದಿರಲಿ.

ಜಾಗ ಹಾದಿಯಂಚಿನಿಂದ ಎರಡು ಮೀಟರ್ ಮೀರಬಾರದು, ನೆಲಮಟ್ಟಕ್ಕಿಂತ ಮೇಲಿರಬೇಕು, ಮನುಷ್ಯರು ಕಟ್ಟಿದ ಗುರುತಿನ ಬಳಿ ಇರಬೇಕು. ಕಂಬ, ಸೇತುವೆ, ಬೆಂಚು ಇತ್ಯಾದಿ. ಸುಳಿವಿನಲ್ಲಿ ಅದನ್ನು ನೇರವಾಗಿ ಹೇಳಿಬಿಡಿ. ಹುಡುಕುವ ಕಷ್ಟಕ್ಕೆ ಪುಟದಲ್ಲಿ 1ರಿಂದ 5ರವರೆಗೆ ಕೊಡುವ ಅಂಕವನ್ನು 1.5ಕ್ಕಿಂತ ಮೇಲೆ ಒಯ್ಯಬೇಡಿ. ಕಷ್ಟದ ಕ್ಯಾಶ್ ಎಂದರೆ ಜನ ಸುತ್ತ ತುಳಿದಾಡುವ ಕ್ಯಾಶ್ ಎಂದೇ ಅರ್ಥ. ಅಂಕಿಗಳನ್ನು ಒಮ್ಮೆ ಒತ್ತಿ ಮುಗಿಸದೆ, ಬೇರೆ ಬೇರೆ ದಿನ ಕೆಲವು ನಿಮಿಷ ಸರಾಸರಿ ತೆಗೆದು ಹಾಕಿ. ಪುಟದಲ್ಲಿ ವಾಹನ ನಿಲ್ಲಿಸುವ ಜಾಗ, ಹಾದಿ ಶುರುವಾಗುವ ಗೇಟು, ಬಾವುಟದ ಕಂಬ ಇವನ್ನು ಬೇರೆ ಬಿಂದುಗಳಾಗಿ ಸೇರಿಸಿ. ಅಪಾಯದ ಪ್ರದೇಶ ಎಂಬ ಗುರುತು ಹಾಕಿ. ವಿವರಣೆಯ ಮೊದಲ ಸಾಲಿನಲ್ಲೇ ವೇಳಾಪಟ್ಟಿ ಎಲ್ಲಿ ಸಿಗುತ್ತದೆ, ಕರೆ ಮಾಡಬೇಕಾದ ನಂಬರು ಯಾವುದು, ಕ್ಯಾಶ್ ಮುಟ್ಟಲು ಹಾದಿ ಬಿಡಬೇಕಿಲ್ಲ ಎಂಬುದು ಇರಲಿ.

ಇದಕ್ಕಿಂತಲೂ ಒಳ್ಳೆಯ ದಾರಿ, ಡಬ್ಬಿಯನ್ನು ಸೇನಾ ಜಮೀನಿನ ಒಳಗೆ ಇಡದಿರುವುದು. ಮಲ್ಟಿ ಕ್ಯಾಶ್‌ ಮಾಡಿ, ಹಾದಿಯಲ್ಲಿನ ಮಾಹಿತಿ ಫಲಕಗಳಿಂದ ಅಂಕಿ ಸಂಗ್ರಹಿಸುವಂತೆ ಮಾಡಿ, ಕೊನೆಯ ಡಬ್ಬಿಯನ್ನು ಗಡಿಯ ಹೊರಗೆ ಊರಿನ ಕಡೆ ಇಡಬಹುದು. ಹಾದಿಯ ಪಕ್ಕ ನೋಡತಕ್ಕ ಬಂಡೆ, ಕಣಿವೆ, ಪದರಗಳಿದ್ದರೆ ಅರ್ತ್‌ಕ್ಯಾಶ್ ಮಾಡಬಹುದು. ಅದಕ್ಕೆ ಡಬ್ಬಿಯೇ ಬೇಡ, ಹಾದಿಯಲ್ಲಿ ನಿಂತು ನೋಡಿ ಉತ್ತರಿಸುವ ಪ್ರಶ್ನೆಗಳಷ್ಟೇ. ಅಲ್ಲಿ ಹುಡುಕುವಂಥದ್ದು ಏನೂ ಇಲ್ಲದ ಕಾರಣ ಯಾರೂ ಕೆದಕುವುದಿಲ್ಲ.

ಇಟ್ಟ ಮೇಲೆ ಮೂರು ತಿಂಗಳಿಗೊಮ್ಮೆಯಾದರೂ ಹೋಗಿ ನೋಡಿ. ದೊಡ್ಡ ಅಭ್ಯಾಸ, ಬೆಂಕಿ, ಭಾರಿ ಮಳೆಯ ನಂತರ ಪುಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರೇಂಜ್ ಕಚೇರಿಯಿಂದ ಹಾದಿ ಸರಿಯಿದೆ ಎಂದು ತಿಳಿದ ಮೇಲೆ ಮತ್ತೆ ತೆರೆಯಿರಿ. ಒಪ್ಪಿಗೆ ಹಿಂತೆಗೆದರೆ ಅಂದೇ ಪುಟವನ್ನು ಆರ್ಕೈವ್ ಮಾಡಿ, ಅಂದರೆ ಶಾಶ್ವತವಾಗಿ ಮುಚ್ಚಿ. ಆ ಹೊತ್ತಿಗೆ ಹಾದಿ ಮುಚ್ಚಿದ್ದರೆ ಡಬ್ಬಿ ತರಲು ನೀವಾಗಿ ಒಳಗೆ ಹೋಗಬೇಡಿ. ಅದರ ಅಂಕಿಗಳನ್ನೂ ಫೋಟೊವನ್ನೂ ಕಚೇರಿಗೆ ಕಳಿಸಿ, ಅವರೇ ತೆಗೆಯುತ್ತಾರೋ ಅಥವಾ ನಿಮಗೆ ಯಾವ ದಿನ ಬರಲು ಹೇಳುತ್ತಾರೋ ಕೇಳಿಕೊಳ್ಳಿ.